ಹಿಂಬದಿಯ ಬ್ಯಾಟರಿ

ಬ್ಯಾಟರಿ ಗಾಡಿಯ ರಿಪೇರಿಗೆ ಹೋಗುವವರು ಎಲ್ಲಕ್ಕಿಂತ ಮೊದಲು ಕಲಿಯಬೇಕಾದದ್ದು ಗಿರಾಕಿಯ ಮನೆಯಲ್ಲಿ ಕುಳಿತು ನಿಧಾನವಾಗಿ ಚಾ ಕುಡಿಯುವುದನ್ನು. ಇದನ್ನು ಯಾವ ಪಾಲಿಟೆಕ್ನಿಕ್ಕಿನಲ್ಲೂ ಹೇಳಿಕೊಡುವುದಿಲ್ಲ. ನನಗೂ ಯಾರೂ ಹೇಳಿಕೊಡಲಿಲ್ಲ. ಮೊದಲ ಒಂದೆರಡು ವರ್ಷ ನಾನು ಮೀಟರು ಹಿಡಿದು ನೇರವಾಗಿ ಗಾಡಿಯ ಹೊಟ್ಟೆಗೆ ಕೈ ಹಾಕುತ್ತಿದ್ದೆ. ಒಳಗಿನ ಸರ್ಕ್ಯೂಟ್ ಕಾರ್ಡು ಬದಲಿಸಿ, ಸಹಿ ಹಾಕಿಸಿಕೊಂಡು, ಸಿಕ್ಕಿದ ಲೋಕಲ್ ರೈಲು ಹತ್ತುತ್ತಿದ್ದೆ. ಮುಂದಿನ ವಾರ ಅದೇ ಗಾಡಿ ಮತ್ತೆ ನಿಲ್ಲುತ್ತಿತ್ತು.

ಮುಂಬಯಿಯಲ್ಲಿ ನಾನಿರುವ ಚೆಂಬೂರಿನ ಬಿಲ್ಡಿಂಗಿನಲ್ಲಿ ಈಚೆಗೆ ಒಬ್ಬಳು ಹುಡುಗಿ ಬ್ಯಾಟರಿ ಸ್ಕೂಟರಿನ ಸರ್ವಿಸ್ ಸೆಂಟರಿಗೆ ಕೆಲಸಕ್ಕೆ ಸೇರಿದ್ದಾಳೆ. ಲಿಫ್ಟಿನಲ್ಲಿ ಸಿಕ್ಕಾಗ, "ಅಂಕಲ್, ನಿಮ್ ಟೈಮಲ್ಲಿ ಬಿಎಂಎಸ್ ಇತ್ತಾ? ಮತ್ಲಬ್, ಬ್ಯಾಟರಿ ಮ್ಯಾನೇಜ್ ಮಾಡೋ ಎಲೆಕ್ಟ್ರಾನಿಕ್ಸ್?" ಎಂದು ಕೇಳಿದಳು. ಇತ್ತು. ಆ ಹೆಸರು ಇರಲಿಲ್ಲ, ಅಷ್ಟೇ. ಈಗಿನವರು ಒಂದೊಂದು ಸೆಲ್ಲಿನ ವೋಲ್ಟೇಜನ್ನೂ ಮೊಬೈಲಿನಲ್ಲೇ ನೋಡುತ್ತಾರೆ. ನಾವು ರಸ್ತೆಯಲ್ಲಿ ಮಂಡಿಯೂರಿ ನೋಡಬೇಕಿತ್ತು. ಆಕೆಗಾಗಿ ಇದನ್ನು ಬರೆಯುತ್ತಿದ್ದೇನೆ. ಕನ್ನಡ ಓದಲು ಆಕೆಗೆ ತಡವರಿಕೆ, ತಾಯಿ ಓದಿ ಹೇಳಬೇಕು. ನನಗೆ ಸಿಕ್ಕ ಬಡ್ತಿ, ಸಿಗದ ಬಡ್ತಿ ಯಾವುದೂ ಇಲ್ಲಿ ಬರುವುದಿಲ್ಲ. ಅದರಿಂದ ಆಕೆಗೆ ಏನೂ ಉಪಯೋಗವಿಲ್ಲ.

ನಾನು ತುಮಕೂರಿನ ಕಡೆಯವನು. ಡಿಪ್ಲೊಮಾ ಮುಗಿಸಿ ಮುಂಬಯಿಗೆ ಬಂದು, ರೇಡಿಯೊ ಜೋಡಿಸುವ ಕಡೆ ಕೆಲವು ವರ್ಷ ಬೆಸುಗೆಯ ಹೊಗೆ ಕುಡಿದು, ಎಂಬತ್ತರ ದಶಕದ ನಡುವೆ ಮಲಾಡಿನ ಒಂದು ಚಿಕ್ಕ ಕಾರ್ಖಾನೆಗೆ ಸೇರಿದೆ. ಅಲ್ಲಿ ನಡೆಯಲಾಗದವರಿಗಾಗಿ ಮೂರು ಗಾಲಿಯ ಬ್ಯಾಟರಿ ಗಾಡಿ ಮಾಡುತ್ತಿದ್ದರು. ಒಬ್ಬರು ಕೂರುವ ಗಾಡಿ. ಸೀಟಿನ ಕೆಳಗೆ ಒಂದು ಬ್ಯಾಟರಿ, ಬೆನ್ನ ಹಿಂದಿನ ಪೆಟ್ಟಿಗೆಯಲ್ಲಿ ಇನ್ನೊಂದು. ಒಂದೊಂದೂ ಹನ್ನೆರಡು ವೋಲ್ಟು, ಎರಡನ್ನೂ ಸಾಲಾಗಿ ಜೋಡಿಸಿದರೆ ಇಪ್ಪತ್ತನಾಲ್ಕು. ಇವುಗಳ ಮೇಲೆ ಕಾವಲಿಗೆ ಒಂದು ಕಾರ್ಡು, ಅಂದರೆ ಪೋಸ್ಟ್‌ಕಾರ್ಡಿನಷ್ಟು ದೊಡ್ಡ ಸರ್ಕ್ಯೂಟು. ಅದು ಮಾಡುತ್ತಿದ್ದದ್ದು ಎರಡೇ ಕೆಲಸ. ಓಡುವಾಗ ವೋಲ್ಟೇಜು ತೀರ ಕೆಳಗಿಳಿದರೆ ಬ್ಯಾಟರಿ ಹಾಳಾಗದಂತೆ ಮೋಟಾರನ್ನು ನಿಲ್ಲಿಸುವುದು, ಚಾರ್ಜು ತುಂಬಿದಾಗ ಚಾರ್ಜರನ್ನು ಕಡಿದು ಹಸಿರು ದೀಪ ಹೊತ್ತಿಸುವುದು. ಅಷ್ಟಕ್ಕೇ ನಾವು ಬೀಗುತ್ತಿದ್ದೆವು.

ಕಾವಲುಗಾರನೇ ಕಳ್ಳನಾದ ದಿನಗಳೂ ಇದ್ದವು. ಒಂದು ಬೇಸಗೆಯಲ್ಲಿ ನಮ್ಮ ಗಾಡಿಗಳೆಲ್ಲ ಮಟಮಟ ಮಧ್ಯಾಹ್ನ ನಿಲ್ಲತೊಡಗಿದವು. ಅರ್ಧ ಚಾರ್ಜು ಉಳಿದಿದ್ದರೂ ಕಾರ್ಡು ಮೋಟಾರನ್ನು ಕಡಿಯುತ್ತಿತ್ತು. ಓಡಿಸುವವರಿಗೆ ಚಾರ್ಜು ಮಾಡಲು ಬರುವುದಿಲ್ಲ ಎಂದು ನಾನು ಮನೆಮನೆಗೆ ಹೋಗಿ ಪಾಠ ಹೇಳಿದೆ. ಆಲದ ಮರದ ಕೆಳಗೆ ಗಾಡಿ ನಿಲ್ಲಿಸಿ ಪೆನ್ನು ಮಾರುತ್ತಿದ್ದ ಒಬ್ಬ ಗಿರಾಕಿಗೆ ಮಾತ್ರ ಯಾವ ತೊಂದರೆಯೂ ಇರಲಿಲ್ಲ. ಆಗ ತಲೆಗೆ ಹೊಳೆಯಿತು. ನಾವು ಕಾರ್ಡುಗಳನ್ನು ಮಾಲೀಕ ಸೇಠರ ಎ.ಸಿ. ಕೋಣೆಯ ಪಕ್ಕದ ತಣ್ಣನೆಯ ಮೇಜಿನ ಮೇಲೆ ಹೊಂದಿಸುತ್ತಿದ್ದೆವು, ಅವು ಬಿಸಿಲಿನಲ್ಲಿ ತಮ್ಮ ಲೆಕ್ಕ ತಪ್ಪುತ್ತಿದ್ದವು. ಅಂದಿನಿಂದ ಪ್ರತಿಯೊಂದು ಕಾರ್ಡನ್ನೂ ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು, ಒಳಗೆ ಒಂದು ಬಲ್ಬು ಹಚ್ಚಿ, ಕಾಯಿಸಿ ಮತ್ತೊಮ್ಮೆ ನೋಡಿದ ಮೇಲೆಯೇ ಹೊರಗೆ ಬಿಡುತ್ತಿದ್ದೆವು.

ಇನ್ನೊಮ್ಮೆ ಒಂದು ಗಾಡಿ ದಿನಾ ಬೆಳಿಗ್ಗೆ ಹೊರಡಲೊಲ್ಲದು. ಬಿಚ್ಚಿದರೆ ರಿಲೇಯ, ಅಂದರೆ ಮೋಟಾರಿಗೆ ಕರೆಂಟು ಬಿಡುವ ಸ್ವಿಚ್ಚಿನ, ಎರಡು ತುಟಿಗಳ ನಡುವೆ ಒಂದು ಜಿರಳೆ. ಕಾರ್ಡಿನ ಪೆಟ್ಟಿಗೆ ಬೆಚ್ಚಗಿರುತ್ತದೆ, ಮುಂಬಯಿಯ ಜಿರಳೆಗೆ ಅದಕ್ಕಿಂತ ಒಳ್ಳೆಯ ಬಿಡಾರ ಎಲ್ಲಿ ಸಿಗಬೇಕು? ನಮ್ಮ ಚೀಫ್ ಇಂಜಿನಿಯರ್ ಕರ್ಮರ್‌ಕರ್ ಸಾಹೇಬರು ನಂಬಲಿಲ್ಲ. ಮುಂದಿನ ಸಲ ಸತ್ತ ಜಿರಳೆಯನ್ನು ಸೆಲೋಟೇಪಿನಿಂದ ರಿಪೋರ್ಟಿಗೇ ಅಂಟಿಸಿ ಅವರ ಮೇಜಿನ ಮೇಲಿಟ್ಟೆ. ಆ ದಿನ ಅವರು ಡಬ್ಬಿ ಬಿಚ್ಚಿ ಊಟ ಮಾಡಲಿಲ್ಲ. ಪೆಟ್ಟಿಗೆಯ ತೂತುಗಳಿಗೆ ಜಾಲರಿ ಬಂತು.

ಕರ್ಮರ್‌ಕರ್ ಸಾಹೇಬರು ಕೆಟ್ಟವರಲ್ಲ. ಡ್ರಾಯಿಂಗು ಅವರ ಕೈಯಲ್ಲಿ ಮುತ್ತಿನಂತೆ ಮೂಡುತ್ತಿತ್ತು. ಆದರೆ ಗಿರಾಕಿ ಎಂದರೆ ಅವರಿಗೆ ಅಲರ್ಜಿ. "ಕಾರ್ಡ್ ಬದಲೋ, ಛುಟ್ಟಿ ಕರೋ" (ಕಾರ್ಡು ಬದಲಿಸಿ ಕೈತೊಳೆದುಕೊಳ್ಳಿ) ಎನ್ನುವುದು ಅವರ ಮಂತ್ರ. ಕಾರ್ಡು ಬದಲಿಸಿದ ಮೇಲೂ ಗಾಡಿ ನಿಂತರೆ ತಪ್ಪು ಗಿರಾಕಿಯದು, ಅಲ್ಲಿಗೆ ಗ್ಯಾರಂಟಿ ಖತಂ. ಈ ಮಂತ್ರದಿಂದ ಒಬ್ಬಳ ಕೆಲಸ ಹೋಗುವುದರಲ್ಲಿತ್ತು. ಅದನ್ನೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಆಂಟಾಪ್ ಹಿಲ್‌ನ ಒಂದು ಹಳೆಯ ಕಾಲೊನಿಯ ನೆಲಮಹಡಿಯಲ್ಲಿ ವಾರಿಜಾ ಎಂಬವಳು ಅಣ್ಣ ಅತ್ತಿಗೆಯ ಜೊತೆ ಇದ್ದಳು. ಉಡುಪಿಯ ಕಡೆಯವರು. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಎರಡೂ ಕಾಲು ಹೋಗಿದ್ದವು. ನನ್ನ ತಂಗಿಯ ವಯಸ್ಸು, ನಾನು ಬಹುವಚನ ಹಚ್ಚಿದರೆ ನಗುತ್ತಿದ್ದಳು. ವಡಾಲಾ ಕಡೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರ್ ಕೆಲಸ ಹಿಡಿದಿದ್ದಳು. ಹೊಸ ಕೆಲಸ, ಇನ್ನೂ ಖಾಯಂ ಆಗಿರಲಿಲ್ಲ. ನಮ್ಮ ಗಾಡಿಯಲ್ಲಿ ಒಬ್ಬಳೇ ಹೋಗಿ ಒಬ್ಬಳೇ ಬರುತ್ತಿದ್ದಳು. ಆ ಗಾಡಿ ನಡುರಸ್ತೆಯಲ್ಲಿ ನಿಲ್ಲುತ್ತಿದೆ ಎಂದು ದೂರು ಬಂತು.

ಕಾರ್ಖಾನೆಯಿಂದ ನಮ್ಮನ್ನು ಪೂರ್ವದ ಕಡೆಗೆ ಕಳಿಸುತ್ತಿದ್ದದ್ದು ಗುರುವಾರ. ಗುರುವಾರ ಹೋದೆ. ಗಾಡಿ ಹೂವೆತ್ತಿದ ಹಾಗೆ ಓಡಿತು. ಸಾಹೇಬರ ಮಂತ್ರದಂತೆ ಕಾರ್ಡು ಬದಲಿಸಿ ಬಂದೆ. ಮತ್ತೆ ದೂರು. ಮತ್ತೆ ಗುರುವಾರ, ಮತ್ತೆ ಹೊಸ ಕಾರ್ಡು. ಮತ್ತೆ ದೂರು. "ಅರೇ, ಲಡ್ಕೀ ಕುಛ್ ಗಲತ್ ಬಟನ್ ದಬಾತೀ ಹೋಗೀ. ಅಬ್ ಬಸ್" ಎಂದರು ಸಾಹೇಬರು. ದಿನವಿಡೀ ಟೆಲಿಫೋನ್ ಬೋರ್ಡಿನ ಗುಂಡಿಗಳ ಮುಂದೆ ಕೂರುವವಳಿಗೆ ನಮ್ಮ ಗಾಡಿಯ ಒಂದು ಗುಂಡಿ ಒತ್ತಲು ಬರುವುದಿಲ್ಲವಂತೆ. ನನಗೆ ಸಿಟ್ಟು ನೆತ್ತಿಗೇರಿತು. ಇನ್ನೊಂದು ಸಲ ಹೋಗಿಬರುತ್ತೇನೆ ಎಂದಷ್ಟೇ ಹೇಳಿದೆ.

ಈ ಸಲ ಮೀಟರನ್ನು ಚೀಲದಿಂದ ತೆಗೆಯಲೇ ಇಲ್ಲ. ವಾರಿಜಾಳ ಡ್ಯೂಟಿ ಆ ದಿನ ಮಧ್ಯಾಹ್ನದ ಮೇಲಿತ್ತು. ಕುರ್ಚಿ ಎಳೆದು ಕುಳಿತು, ಅತ್ತಿಗೆ ತಂದುಕೊಟ್ಟ ಚಾ ಕುಡಿಯುತ್ತ ಸುಮ್ಮನಿದ್ದೆ.

"ರಾಯರೇ, ಇನ್ನು ಒಂದು ಸಲ ನಿಂತ್ರೆ ಗಾಡಿ ಮಾರುವುದು ಅಂತ ಅಣ್ಣ ಹೇಳಿ ಆಗಿದೆ" ಎಂದಳು ವಾರಿಜಾ. "ಅವನನ್ನು ದೂರಿ ಪ್ರಯೋಜನ ಇಲ್ಲ. ಗಾಡಿ ನಿಂತಾಗೆಲ್ಲ ಯಾರಾದ್ರೂ ಬಂದು ಅವನಿಗೆ ಹೇಳ್ತಾರೆ, ಅವನು ಹೋಟೆಲಿನ ಕೆಲಸ ಬಿಟ್ಟು ಓಡಿ ಬರ್ತಾನೆ. ಎಲ್ಲರ ಎದುರು ನೂಕಿಕೊಂಡು ಬರುವುದು. ಅವನಿಗೆ ಅವಮಾನ."

"ಮಾರಿದ್ರೆ ಕೆಲಸಕ್ಕೆ ಹೇಗೆ ಹೋಗ್ತೀಯಮ್ಮ?"

"ಹೋಗುವುದು ಎಲ್ಲಿಂದ? ಮೊದಲಿನ ಹಾಗೆ ಈ ಕಿಟಕಿ ಹತ್ರ ಕೂತುಕೊಳ್ಳುವುದು. ಎದುರಿನ ಬಿಲ್ಡಿಂಗಿನಲ್ಲಿ ಯಾರು ಎಷ್ಟು ಹೊತ್ತಿಗೆ ಬಟ್ಟೆ ಒಣಗಿಸ್ತಾರೆ ಅಂತ ನನ್ನನ್ನು ಕೇಳಿ, ಎಲ್ಲ ಗೊತ್ತುಂಟು ನನಗೆ." ನಗುತ್ತಲೇ ಹೇಳಿದಳು. ಕೇಳಲು ಕಷ್ಟವಾಯಿತು.

"ಯಾವ ಹೊತ್ತಲ್ಲಿ ನಿಲ್ಲುತ್ತೆ?"

"ಹೊತ್ತು ಅಂತ ಇಲ್ಲ. ಸೋಮವಾರ ನಿಲ್ತದೆ. ಕೆಲವು ಸಲ ಮಂಗಳವಾರ. ಮತ್ತೆ ಸರಿ ಇರ್ತದೆ."

ಎರಡು ಕಾರ್ಡು ಬದಲಿಸಿದ ಮೇಲೆ ನನಗೆ ಗೊತ್ತಾದ ಮೊದಲ ನಿಜ ಸಂಗತಿ ಇದು. ಗುರುವಾರ ಹೋದವನಿಗೆ ಸೋಮವಾರದ ರೋಗ ಹೇಗೆ ಕಾಣಬೇಕು?

ಆಗ ಹೈಡ್ರೋಮೀಟರು ತೆಗೆದೆ. ಅದು ತುದಿಯಲ್ಲಿ ರಬ್ಬರು ಬುಡ್ಡೆ ಇರುವ ಒಂದು ಗಾಜಿನ ಕೊಳವೆ. ಬ್ಯಾಟರಿಯ ಆಸಿಡ್ಡನ್ನು ಅದರೊಳಗೆ ಹೀರಿಕೊಂಡರೆ ಒಳಗಿನ ಚಿಕ್ಕ ಬುರುಡೆ ತೇಲುತ್ತದೆ. ಮೇಲೆ ತೇಲಿದರೆ ಚಾರ್ಜು ತುಂಬಿದೆ, ಮುಳುಗಿದರೆ ಬರಿದಾಗಿದೆ. ಸೀಟಿನ ಕೆಳಗಿನ ಬ್ಯಾಟರಿಯಲ್ಲಿ ಬುರುಡೆ ಮೇಲಕ್ಕೆ ನೆಗೆಯಿತು. ಹಿಂಬದಿಯ ಬ್ಯಾಟರಿಯಲ್ಲಿ ಸೋತು ಕೆಳಗಿತ್ತು. ಸರಿ, ಹಿಂಬದಿಯ ಬ್ಯಾಟರಿಯೇ ಕೆಟ್ಟದ್ದು ಎಂದುಕೊಂಡೆ. ಆದರೂ ಒಂದು ಪರೀಕ್ಷೆ ಇರಲಿ ಎಂದು ಎರಡನ್ನೂ ಅದಲು ಬದಲು ಮಾಡಿದೆ. ಬಲವಾದದ್ದು ಹಿಂದಕ್ಕೆ, ಸೋತದ್ದು ಮುಂದಕ್ಕೆ.

ಮುಂದಿನ ಗುರುವಾರ ಹೋಗಿ ಅಳೆದೆ. ಬಲವಾಗಿದ್ದ ಬ್ಯಾಟರಿ ಹಿಂಬದಿಗೆ ಹೋದ ಮೇಲೆ ಸೋತಿತ್ತು, ಸೋತಿದ್ದದ್ದು ಸೀಟಿನ ಕೆಳಗೆ ಬಂದು ಚೇತರಿಸಿಕೊಂಡಿತ್ತು. ಅಂದರೆ ಬ್ಯಾಟರಿಯ ತಪ್ಪಲ್ಲ, ಕಾರ್ಡಿನದೂ ಅಲ್ಲ. ಹಿಂಬದಿಯ ಆ ಜಾಗದಲ್ಲಿ ಯಾರು ಕೂತರೂ ಸೋರಿಹೋಗುತ್ತಿದ್ದಾರೆ. ವೈರಿಂಗನ್ನೆಲ್ಲ ತಡಕಿದೆ. ಎಲ್ಲೂ ಸೋರಿಕೆ ಇರಲಿಲ್ಲ.

"ಈ ಗಾಡೀನ ಬೇರೆ ಯಾರಾದ್ರೂ ಓಡಿಸ್ತಾರೇನಮ್ಮ?"

"ಇಲ್ಲಪ್ಪ. ಯಾರೂ ಮುಟ್ಟುವುದಿಲ್ಲ."

ಶನಿವಾರ ಭಾನುವಾರಗಳಲ್ಲಿ ಏನೋ ನಡೆಯುತ್ತಿರಬೇಕು ಎಂದು ಲೆಕ್ಕ ಹಾಕಿದೆ. ಶನಿವಾರ ಅರ್ಧ ದಿನದ ಕೆಲಸ ಮುಗಿಸಿ, ಮನೆಗೆ ಹೋಗದೆ ಆಂಟಾಪ್ ಹಿಲ್ ಕಡೆ ನಡೆದೆ. ಸಂಜೆಯ ಹೊತ್ತು. ಕಾಲೊನಿಯ ಗೇಟಿನಲ್ಲೇ ಮೈಕಿನಲ್ಲಿ ಭಜನೆ ಕೇಳಿಸಿತು. ಗಂಡು ದನಿ, ಒಳ್ಳೆಯ ಕಂಠ.

ವಾರಿಜಾಳ ಗಾಡಿ ನಿಲ್ಲುತ್ತಿದ್ದದ್ದು ನೆಲಮಹಡಿಯ ಭಜನಾ ಮಂಡಳಿಯ ಕೋಣೆಯ ಹೊರಗಿನ ಪ್ಯಾಸೇಜಿನಲ್ಲಿ. ಚಾರ್ಜರು ಚುಚ್ಚುತ್ತಿದ್ದದ್ದೂ ಮಂಡಳಿಯ ಪ್ಲಗ್ಗಿಗೆ. ಅದನ್ನು ಪ್ರತಿ ಗುರುವಾರ ನೋಡಿದ್ದೆ, ಆದರೆ ಆಗೆಲ್ಲ ಆ ಕೋಣೆಗೆ ಬೀಗ ಇರುತ್ತಿತ್ತು. ಈಗ ಬಾಗಿಲು ತೆರೆದಿತ್ತು. ದೇವರ ಪಟಕ್ಕೆ ಮಲ್ಲಿಗೆ ಏರಿಸಿ, ಚಾಪೆ ಹಾಸಿ ಮೂವತ್ತು ನಲವತ್ತು ಜನ ಕೂತಿದ್ದರು. ಗಾಡಿಯ ಬೆನ್ನಿನ ಪೆಟ್ಟಿಗೆಯ ಮುಚ್ಚಳ ತೆಗೆದಿತ್ತು. ಒಳಗಿನ ಬ್ಯಾಟರಿಯನ್ನು ಎರಡು ಮೊಸಳೆ ಕ್ಲಿಪ್ಪುಗಳು ಕಚ್ಚಿ ಹಿಡಿದಿದ್ದವು. ಕೆಂಪು ಒಂದು, ಕಪ್ಪು ಒಂದು. ಅವುಗಳ ವಯರು ಹೊಸ್ತಿಲು ದಾಟಿ ಒಂದು ಆಂಪ್ಲಿಫೈಯರಿಗೆ ಹೋಗಿತ್ತು. ಮೈಕಿನ ಮುಂದೆ ಹಾರ್ಮೋನಿಯಂ ನುಡಿಸುತ್ತ, ಕಣ್ಣು ಮುಚ್ಚಿ ಹಾಡುತ್ತಿದ್ದವರು ವಾರಿಜಾಳ ಅಣ್ಣ ಸಂಜೀವಣ್ಣ.

ನಾನು ಹಿಂದಿನ ಸಾಲಿನಲ್ಲಿ ಕೂತೆ. ನಡುವೆ ಎಬ್ಬಿಸುವುದು ಸರಿಯಲ್ಲ. ಮಂಗಳಾರತಿ ಆಗುವವರೆಗೆ ಕೂತು, ಪಂಚಕಜ್ಜಾಯ ತಿಂದು ಎದ್ದೆ. ಮಂಡಳಿಯ ಅಧ್ಯಕ್ಷರಾದ ಬಾಬಣ್ಣ ಎಂಬ ಹಿರಿಯರು, "ನಮ್ಮ ಮೈಕ್ ಹೇಗುಂಟು ರಾಯರೇ?" ಎಂದು ಹೆಮ್ಮೆಯಿಂದ ಕೇಳಿದರು. ಊರೂರು ತಿರುಗಿ ಜಾಹೀರಾತು ಕೂಗುವ ಒಂದು ವ್ಯಾನಿನಿಂದ ಕೊಂಡದ್ದಂತೆ. ಹನ್ನೆರಡು ವೋಲ್ಟಿನ ಬ್ಯಾಟರಿಯಿಂದ ಮಾತ್ರ ನಡೆಯುವುದು. ಮೊದಲೆಲ್ಲ ಟ್ಯಾಕ್ಸಿ ಗ್ಯಾರೇಜಿನಿಂದ ಬ್ಯಾಟರಿ ಹೊತ್ತು ತರಬೇಕಿತ್ತು, ಈಗ ಗ್ಯಾರೇಜೂ ಹೋಯಿತು. "ವಾರಿಜನ ಗಾಡಿ ಬಂದದ್ದೇ ಬಂದದ್ದು, ದೇವರೇ ಬ್ಯಾಟರಿ ಕಳಿಸಿದ ಹಾಗೆ ಆಯ್ತು" ಎಂದರು.

ರೋಗ ತಿಳಿಯಿತು. ಶನಿವಾರ ಸಂಜೆ ಹಿಂಬದಿಯದು ಒಂದೇ ಬರಿದಾಗುತ್ತದೆ. ರಾತ್ರಿ ಚಾರ್ಜಿಗೆ ಹಾಕಿದರೆ, ಮೊದಲೇ ತುಂಬಿರುವ ಮುಂದಿನದರ ವೋಲ್ಟೇಜು ಬೇಗ ಏರಿಬಿಡುತ್ತದೆ. ನಮ್ಮ ಕಾರ್ಡಿಗೆ ಕಾಣುವುದು ಎರಡರ ಮೊತ್ತ ಮಾತ್ರ. ಎಲ್ಲ ತುಂಬಿತು ಎಂದು ಅದು ಚಾರ್ಜು ಕಡಿದು ಹಸಿರು ದೀಪ ಹೊತ್ತಿಸುತ್ತದೆ. ಹಿಂದಿನದು ಅರೆಹೊಟ್ಟೆಯಲ್ಲೇ ಉಳಿಯುತ್ತದೆ. ಸೋಮವಾರ ಗಾಡಿ ಏರಿದರೆ ಅದು ದಾರಿಯಲ್ಲಿ ಕುಸಿಯುತ್ತದೆ. ಆಮೇಲೆ ದಿನದಿನದ ಚಾರ್ಜಿನಲ್ಲಿ ಚೂರುಚೂರೇ ಚೇತರಿಸಿಕೊಂಡು, ನಾನು ಬರುವ ಗುರುವಾರಕ್ಕೆ ಗಾಡಿ ಓಡುವಷ್ಟಾಗುತ್ತದೆ.

ಜನ ಚದುರಿದ ಮೇಲೆ ವಾರಿಜಾಳಿಗೆ ಇದನ್ನೆಲ್ಲ ಹೇಳಿದೆ.

"ಯಾರೂ ಮುಟ್ಟಲ್ಲ ಅಂದ್ಯಲ್ಲಮ್ಮ?"

"ಗಾಡಿ ಮುಟ್ಟುವುದಿಲ್ಲ ರಾಯರೇ, ದೇವರಾಣೆ. ಇದು ಭಜನೆಗಲ್ವಾ? ಇದನ್ನು ಹೇಳ್ಬೇಕು ಅಂತ ನನ್ನ ತಲೆಗೇ ಬರ್ಲಿಲ್ಲ. ಬೆಳಿಗ್ಗೆ ಹಸಿರು ಲೈಟ್ ಇರ್ತದೆ, ಆಯ್ತಲ್ಲ ಅಂತ."

"ಈಗಲೇ ಅಣ್ಣನಿಗೆ ಹೇಳ್ಬಿಡ್ತೀನಿ."

"ಬೇಡ, ಬೇಡ." ಅವಳು ನನ್ನ ಚೀಲವನ್ನೇ ಹಿಡಿದುಕೊಂಡಳು. "ವಾರ ಇಡೀ ಅವನು ಮಾಟುಂಗದ ಹೋಟೆಲಿನ ಗಲ್ಲಾದಲ್ಲಿ ಕೂತು ಚಿಲ್ಲರೆ ಉಂಟಾ, ಚಿಲ್ಲರೆ ಉಂಟಾ ಅಂತ ಕೇಳುವುದು. ಶನಿವಾರ ಸಂಜೆಗೆ ಧಣಿಗಳ ಹತ್ರ ಕೈಕಾಲು ಹಿಡಿದು ರಜೆ ತಗೊಳ್ಳುವುದು ಈ ಮೈಕಿಗೆ. ಅವನ ದನಿ ಮೂರನೇ ಮಹಡಿಗೆ ಕೇಳ್ತದೆ ಅಂದ್ರೆ ಅದು ಇದರಿಂದ. ಮತ್ತೆ ಇನ್ನೊಂದುಂಟು. ಗಾಡಿ ಇಡ್ಲಿಕ್ಕೆ ಜಾಗ ಕೊಟ್ಟದ್ದು ಮಂಡಳಿ. ಬ್ಯಾಟರಿ ಕೊಡುವುದಿಲ್ಲ ಅಂದ್ರೆ ಬಾಬಣ್ಣ ಎಂತ ಹೇಳಿಯಾರು? ದೇವರಿಗಿಂತ ನಿನ್ನ ಗಾಡಿ ದೊಡ್ಡದಾ ಅಂತ ಕೇಳಿಯಾರು. ನಾನೇ ಅಣ್ಣನಿಗೆ ಹೇಳ್ತೇನೆ, ಒಬ್ಬನೇ ಇರುವಾಗ."

ಸೋಮವಾರ ರಜೆ ಹಾಕು ಎಂದೆ. ಭಾನುವಾರ ಕಾರ್ಖಾನೆಗೆ ಬೀಗ, ಹಿಂಬದಿಯ ಬ್ಯಾಟರಿಗೆ ಬೇರೆ ಚಾರ್ಜು ಕೊಡಲು ನನ್ನ ಕೈಯಲ್ಲಿ ಏನೂ ಇರಲಿಲ್ಲ. ಹೊಸ ಕೆಲಸದಲ್ಲಿ ರಜೆ ಕೇಳುವುದು ಹೇಗೆ ಎಂದು ಅವಳು ಒಪ್ಪಲಿಲ್ಲ. ಹಾಗಾಗಿ ಸೋಮವಾರ ನಾನೇ ಬೆಳಗಿನ ರಜೆ ಹಾಕಿ ಅವಳ ಮನೆಗೆ ಹೋದೆ. ಸಂಜೀವಣ್ಣ ಪಂಚೆ ಎತ್ತಿ ಕಟ್ಟಿ ಸಿದ್ಧರಾಗಿದ್ದರು. "ನೂಕ್ಲಿಕ್ಕೆ ಒಬ್ಬ ಬೇಕಲ್ಲ ರಾಯರೇ, ಇವತ್ತು ಮೊದಲೇ ಜೊತೆಗೆ ಹೊರಟೆ" ಎಂದರು. ವಾರಿಜಾಳ ಮುಖ ನೋಡಿದೆ. ಅಣ್ಣನಿಗೆ ಇನ್ನೂ ಹೇಳಿಲ್ಲ ಎಂದು ಗೊತ್ತಾಯಿತು.

ಗಾಡಿ ಹೊರಟಿತು, ನಾವಿಬ್ಬರೂ ಪಕ್ಕದಲ್ಲಿ ಬಿರುಸಾಗಿ ನಡೆದೆವು. ವಡಾಲಾ ಕಡೆಯ ರಸ್ತೆಯಲ್ಲಿ, ಬಸ್ ಸ್ಟಾಪಿನ ಎದುರೇ ಅದು ಬಿಕ್ಕಿ ನಿಂತಿತು. ಹಿಂದೆ ಬಸ್ಸಿನವನು ಹಾರ್ನು ಹೊಡೆದ. ಸಾಲಿನಲ್ಲಿ ನಿಂತವರು "ಅರೇ ಧಕ್ಕಾ ಮಾರೋ" ಎಂದು ನಮಗೆ ಬುದ್ಧಿ ಹೇಳಿದರು. ಸಂಜೀವಣ್ಣ ಗಾಡಿಯನ್ನು ಪಕ್ಕಕ್ಕೆ ನೂಕಿ ಬೆವರು ಒರೆಸಿಕೊಂಡರು.

"ಸಾಕು ವಾರಿಜ. ಇವತ್ತಿಗೆ ಮುಗೀತು. ಸಂಜೆ ಗುಜರಿಯವನಿಗೆ ಬರ್ಲಿಕ್ಕೆ ಹೇಳ್ತೇನೆ. ನೀನು ಮನೆಯಲ್ಲಿ ಇದ್ರೆ ನಾವು ಎಂತ ಊಟ ಹಾಕುವುದಿಲ್ವಾ?"

ನಾನು ಮಂಡಿಯೂರಿ ಹೈಡ್ರೋಮೀಟರು ತೆಗೆದೆ. ಸೀಟಿನ ಕೆಳಗಿನ ಬ್ಯಾಟರಿಯಲ್ಲಿ ಬುರುಡೆ ತೇಲಿತು. ಹಿಂಬದಿಯದರಲ್ಲಿ ತಳ ಮುಟ್ಟಿತು. ಎರಡನ್ನೂ ಸಂಜೀವಣ್ಣನಿಗೆ ತೋರಿಸಿದೆ.

"ಅಂದ್ರೆ ಹಿಂದಿನ ಬ್ಯಾಟರಿ ಹಾಳು" ಎಂದರು. "ನಿಮ್ಮ ಕಂಪನಿಯ ಮಾಲು."

"ಅಣ್ಣ," ಎಂದಳು ವಾರಿಜಾ. "ನೀನು ಮೈಕಿಗೆ ತೆಗೆಯುವುದು ಅದೇ ಬ್ಯಾಟರಿಯಿಂದ ಅಲ್ವಾ?"

"ಅದಕ್ಕೂ ಇದಕ್ಕೂ ಎಂತ ಸಂಬಂಧ?"

"ಅದೇ ಸಂಬಂಧ. ಶನಿವಾರ ನೀನು ಭಜನೆ ಹೇಳ್ತಿ, ಸೋಮವಾರ ನಾನು ನಿಲ್ತೇನೆ."

ಅವರು ನನ್ನ ಕಡೆ ತಿರುಗಿದರು. ಇವಳು ಹೇಳುವುದು ಸುಳ್ಳು ಎಂದು ನಾನು ಹೇಳಲಿ ಎಂದು ಕಾಯುತ್ತಿದ್ದರು. ನಾನು ತಲೆಯಾಡಿಸಿ, ಮೊತ್ತ ನೋಡುವ ಕಾರ್ಡಿನ ಕತೆಯನ್ನು ಎರಡು ಮಾತಿನಲ್ಲಿ ಹೇಳಿದೆ.

"ಅದು ದೇವರ ಕೆಲಸಕ್ಕೆ ತೆಗೆದದ್ದಲ್ವಾ ರಾಯರೇ?"

"ಬ್ಯಾಟರಿಗೆ ಅದು ಗೊತ್ತಾ ಸಂಜೀವಣ್ಣ?"

ಎರಡೂ ಬ್ಯಾಟರಿಯಿಂದ ಸಮನಾಗಿ ತೆಗೆದು ಮೈಕಿಗೆ ಕೊಡುವ ಒಂದು ಪೆಟ್ಟಿಗೆ ಮಾಡಬಹುದು ಎಂದೆ. ಕೆಲಸ ಅಷ್ಟು ಕಷ್ಟದ್ದಲ್ಲ, ಒಂದಿಷ್ಟು ಶಕ್ತಿ ಬಿಸಿಯಾಗಿ ಹೋಗುತ್ತದೆ.

"ಆವಾಗ ಸೋಮವಾರ ಇವಳು ಆಸ್ಪತ್ರೆಗೆ ಮುಟ್ಟುವುದು ಗ್ಯಾರಂಟಿಯಾ?"

ಇಷ್ಟು ದಿನ ಪೆಟ್ಟು ತಿಂದ ಬ್ಯಾಟರಿಗಳು. ಹೊಸತಿನ ದಮ್ಮು ಅವುಗಳಲ್ಲಿ ಉಳಿದಿರಲಿಲ್ಲ. "ಗ್ಯಾರಂಟಿ ಹೇಳಕ್ಕಾಗಲ್ಲ" ಎಂದೆ.

"ಹಾಗಾದ್ರೆ ಪೆಟ್ಟಿಗೆ ಬೇಡ" ಎಂದರು. ಗಾಡಿಯನ್ನು ಮನೆಯ ಕಡೆಗೆ ತಿರುಗಿಸುತ್ತಾರೆ ಎಂದು ನಾನು ಹೆದರಿದ್ದೆ. ತಿರುಗಿಸಲಿಲ್ಲ. ಆಸ್ಪತ್ರೆಯ ಬಾಗಿಲವರೆಗೂ ನೂಕಿಕೊಂಡು ಹೋಗಿ ಅವಳನ್ನು ಬಿಟ್ಟು, ಹೋಟೆಲಿಗೆ ಹೊತ್ತಾಯಿತು ಎಂದು ಬಸ್ಸು ಹತ್ತಿದರು.

ಮರುದಿನ ಸಾಹೇಬರ ಮುಂದೆ ಹೋಗಿ, ಎರಡು ಬ್ಯಾಟರಿಗಳ ನಡುವಿನಿಂದ ಒಂದು ಮೂರನೆಯ ವಯರು ತಂದರೆ ಕಾರ್ಡು ಎರಡನ್ನೂ ಬೇರೆ ಬೇರೆಯಾಗಿ ನೋಡಬಲ್ಲದು ಎಂದೆ. ಭಜನೆಯ ವಿಷಯ ಎತ್ತಲಿಲ್ಲ. ಎತ್ತಿದ್ದರೆ ವಾರಿಜಾಳ ಗ್ಯಾರಂಟಿ ಅಲ್ಲೇ ಹರಿಯುತ್ತಿತ್ತು. ಸಾಹೇಬರು ಮೂಗು ಮುರಿದರು, ಆಮೇಲೆ ಪೆನ್ಸಿಲು ತೆಗೆದರು. ಕೆಲವು ತಿಂಗಳಲ್ಲಿ ಎಲ್ಲ ಗಾಡಿಗಳಿಗೂ ಮೂರನೆಯ ವಯರು ಬಂತು, ಡ್ರಾಯಿಂಗಿನ ಕೆಳಗೆ ಸಾಹೇಬರ ಹೆಸರು ಬಂತು. ಈಗಿನ ನಿಮ್ಮ ಬಿಎಂಎಸ್ಸಿನಲ್ಲಿ ಸೆಲ್ಲಿಗೊಂದು ವಯರು ಹೋಗುತ್ತದಲ್ಲ, ಅದೇ ಕೆಲಸ. ನಮಗೆ ಒಂದೇ ವಯರಿಗೆ ಇಷ್ಟು ತಿರುಗಾಟ ಬೇಕಾಯಿತು.

ಆ ಗುರುವಾರ ಆಂಟಾಪ್ ಹಿಲ್‌ಗೆ ಹೋಗಿ ಹಿಂಬದಿಯ ಬ್ಯಾಟರಿಗೆ ಪ್ರತ್ಯೇಕವಾಗಿ ಚಾರ್ಜು ಮಾಡಿ ಎರಡನ್ನೂ ಸಮಕ್ಕೆ ತಂದೆ. ಶನಿವಾರ ಸಂಜೆ ಮತ್ತೆ ಹೋದೆ. ಕೆಲಸವೇನೂ ಇರಲಿಲ್ಲ. ಕ್ಲಿಪ್ಪು ಕಚ್ಚಿದೆಯೋ ಇಲ್ಲವೋ ನೋಡಬೇಕಿತ್ತು. ಪೆಟ್ಟಿಗೆಯೂ ಬೇಡ ಎಂದು ಸಂಜೀವಣ್ಣ ರಸ್ತೆಯ ಮೇಲೆ ಮೈಕನ್ನು ಬಿಟ್ಟುಕೊಟ್ಟದ್ದು ದೇವರ ಪಟದ ಮುಂದೆ ಉಳಿಯುತ್ತದೆ ಎಂಬ ನಂಬಿಕೆ ನನಗಿರಲಿಲ್ಲ.

ಗಾಡಿಯ ಬೆನ್ನಿನ ಪೆಟ್ಟಿಗೆ ಮುಚ್ಚಿತ್ತು. ಕೋಣೆಯಲ್ಲಿ ಜನ ಕೂತಿದ್ದರು, ಭಜನೆ ಸುರುವಾಗಿರಲಿಲ್ಲ. ನನ್ನನ್ನು ಕಂಡದ್ದೇ ಬಾಬಣ್ಣ ಎದ್ದು ಬಂದರು.

"ಬನ್ನಿ ಬನ್ನಿ ರಾಯರೇ, ಸರಿಯಾದ ಹೊತ್ತಿಗೆ ಬಂದ್ರಿ. ಮೈಕ್ ಹಾಳಾಗಿದೆ ಅಂತ ಹೇಳ್ತಾನೆ ಸಂಜೀವ. ನಿಮಗೆ ಎಲೆಕ್ಟ್ರಾನಿಕ್ ಗೊತ್ತುಂಟಲ್ಲ, ಸ್ವಲ್ಪ ಬಿಚ್ಚಿ ನೋಡಿ."

ಆಂಪ್ಲಿಫೈಯರನ್ನು ನನ್ನ ಮುಂದೆ ತಂದಿಟ್ಟರು. ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದರು. ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದೆ. ಒಳಗೆ ಧೂಳು ಬಿಟ್ಟರೆ ಎಲ್ಲ ಚೊಕ್ಕವಾಗಿತ್ತು. ಸುಟ್ಟ ವಾಸನೆ ಇಲ್ಲ, ಬಿಟ್ಟ ಬೆಸುಗೆ ಇಲ್ಲ. ಫ್ಯೂಸು ಇರಬೇಕಾದ ಜಾಗ ಮಾತ್ರ ಖಾಲಿ ಇತ್ತು. ಸುಟ್ಟ ಫ್ಯೂಸಾದರೆ ಅಲ್ಲೇ ಕೂತಿರುತ್ತದೆ, ತಾನಾಗಿ ಎದ್ದು ಹೋಗುವುದಿಲ್ಲ.

ತಲೆ ಎತ್ತಿದೆ. ಸಂಜೀವಣ್ಣ ಹಾರ್ಮೋನಿಯಂ ಮುಂದೆ ಕೂತು ಅದರ ಕಪ್ಪು ಬಿಳಿ ಮನೆಗಳನ್ನು ಒಂದೊಂದಾಗಿ ಒರೆಸುತ್ತಿದ್ದರು, ನನ್ನನ್ನು ನೋಡಲಿಲ್ಲ. ಬಾಗಿಲ ಬಳಿ ಕುರ್ಚಿಯಲ್ಲಿದ್ದ ವಾರಿಜಾ ಅಣ್ಣನನ್ನೇ ನೋಡುತ್ತಿದ್ದಳು.

"ಎಂತ ರಾಯರೇ, ಸರಿ ಆಗ್ತದಾ?"

"ಇಲ್ಲ ಬಾಬಣ್ಣ. ಒಳಗಿನ ಟ್ರಾನ್ಸ್‌ಫಾರ್ಮರ್ ಸುಟ್ಟೋಗಿದೆ. ಇಂಥದ್ದು ಈಗ ಎಲ್ಲೂ ಸಿಗಲ್ಲ. ಇದು ಮುಗೀತು."

"ಛೆ! ಮತ್ತೆ ಮೈಕ್ ಇಲ್ಲದೆ ಹೇಗೆ?"

"ಬಾಯಲ್ಲೇ ಹೇಳುವ ಬಾಬಣ್ಣ" ಎಂದರು ಸಂಜೀವಣ್ಣ. ಹಾರ್ಮೋನಿಯಮ್ಮಿನ ತಿದಿ ಒತ್ತಿ ಶ್ರುತಿ ಹಿಡಿದು ಹಾಡತೊಡಗಿದರು. ಮೈಕಿಗೆ ಒಗ್ಗಿದ ಕಂಠ, ಹಿಂದಿನ ಸಾಲಿಗೂ ಸರಿಯಾಗಿ ಮುಟ್ಟಲಿಲ್ಲ. ಪ್ಯಾಸೇಜಿನಲ್ಲಿ ಯಾರೋ "ಕೇಳುವುದಿಲ್ಲ" ಎಂದರು.

ನಾನು ಮುಚ್ಚಳ ಹಾಕಿ ಸ್ಕ್ರೂಗಳನ್ನೆಲ್ಲ ಬಿಗಿ ಮಾಡಿದೆ. ನನ್ನ ಚೀಲದಲ್ಲಿ ಬೇಕಾದಷ್ಟು ಫ್ಯೂಸುಗಳಿದ್ದವು. ಚೀಲದ ಬಾಯಿ ಕಟ್ಟಿ, ಅದನ್ನು ಗೋಡೆಗೆ ಒರಗಿಸಿ, ಅವರ ದನಿ ಕೇಳಿಸುವಷ್ಟು ಹತ್ತಿರ ಹೋಗಿ ಕೂತೆ.